ಆರು ಮಕ್ಕಳ ಮುಯ್ಯಿ

ವನಜಮ್ಮ ನನ್ನನ್ನು ಒಂದು ದಿನವೂ ನಂಬಿದವರಲ್ಲ. ನಾನೂ ಅವರನ್ನು ನಂಬಿದವನಲ್ಲ. ಈ ಒಂದು ವಿಷಯದಲ್ಲಿ ನಾವಿಬ್ಬರೂ ಸರಿಸಮ. ಅವರು ನೇರಳೆಮಕ್ಕಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವವರು. ನಾನು ಆ ಶಾಲೆಯೂ ಸೇರಿದ ಹಾಗೆ ಹದಿನೇಳು ಶಾಲೆಗಳನ್ನು ಬೈಕಿನಲ್ಲಿ ಸುತ್ತುವ ಸಿ.ಆರ್.ಪಿ., ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ಅಂದರೆ, ಮೇಲಿನವರ ಕಾಗದವನ್ನು ಕೆಳಗಿನವರಿಗೂ ಕೆಳಗಿನವರ ಸುಳ್ಳನ್ನು ಮೇಲಿನವರಿಗೂ ತಲುಪಿಸುವ ಮನುಷ್ಯ. ಹದಿನಾಲ್ಕು ವರ್ಷ ಪಾಠ ಮಾಡಿ ಈ ಕೆಲಸಕ್ಕೆ ಬಂದೆ. ಬಂದ ಆರು ತಿಂಗಳಿಗೇ ಒಂದು ಕೆಟ್ಟ ಚಟ ಅಂಟಿಕೊಂಡಿತು. ಯಾವ ಶಾಲೆಗೆ ಹೋದರೂ ಮೊದಲು ಜಗಲಿಯ ಕೆಳಗೆ ಬಿಟ್ಟ ಚಪ್ಪಲಿಗಳನ್ನು ಎಣಿಸುತ್ತೇನೆ, ಆಮೇಲೆ ಹಾಜರಿ ಪುಸ್ತಕ ಕೇಳುತ್ತೇನೆ.

ವನಜಮ್ಮ ಹುಟ್ಟಿದ್ದು ಜಯಪುರದ ಹತ್ತಿರ. ಶೆಟ್ಟಿಕೊಪ್ಪದಿಂದ ಕಾಡಿನ ಕಡೆಗೆ ಒಳಗಿರುವ ನೇರಳೆಮಕ್ಕಿಗೆ ಮದುವೆಯಾಗಿ ಬಂದಾಗ ಹತ್ತೊಂಬತ್ತು ವರ್ಷ. ಗಂಡ ತಿಮ್ಮಪ್ಪ ಒಂದೂವರೆ ಎಕರೆ ಗದ್ದೆಯ ಯಜಮಾನರು. ಅವರಿಗೆ ಮಾತು ಕಡಿಮೆ, ಆ ಕೊರತೆಯನ್ನು ಹೆಂಡತಿ ತುಂಬಿಕೊಟ್ಟಿದ್ದಾರೆ. ಮಗ ದೀಪು ಹಿಟಾಚಿ ಯಂತ್ರ ಓಡಿಸುತ್ತ ಕೆಲಸ ಸಿಕ್ಕಲ್ಲಿ ಉಳಿಯುತ್ತಾನೆ. ಸೊಸೆ ಕಾಫಿ ಎಸ್ಟೇಟಿಗೆ ಹೋಗುತ್ತಿದ್ದಳು. ಮೊಮ್ಮಗಳು ಅರ್ಪಿತಾ ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿ. ಬಿಸಿಯೂಟ ಶುರುವಾದ ವರ್ಷವೇ ವನಜಮ್ಮ ಸೌಟು ಹಿಡಿದವರು. ಆಗ ಶಾಲೆಯಲ್ಲಿ ನಲವತ್ತೊಂದು ಮಕ್ಕಳು. ಈಗ ಎಂಟು. ಮಿಕ್ಕವರನ್ನೆಲ್ಲ ಬೆಳಿಗ್ಗೆ ಎಂಟು ಗಂಟೆಗೆ ಹಳದಿ ವ್ಯಾನು ಪೇಟೆಯ ಶಾಲೆಗೆ ಹೊತ್ತುಕೊಂಡು ಹೋಗುತ್ತದೆ.

ಈ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಏಳು ಮೇಷ್ಟ್ರುಗಳು ಬಂದು ವರ್ಗ ಮಾಡಿಸಿಕೊಂಡು ಹೋದರು. ವನಜಮ್ಮ ಉಳಿದರು. ಯಾವ ಮಗು ಬೆಳಿಗ್ಗೆ ತಿಂಡಿ ತಿಂದು ಬಂದಿಲ್ಲ, ಯಾರ ಮನೆಯಲ್ಲಿ ಜಗಳ, ಯಾರಿಗೆ ಕಣ್ಣು ಕಾಣಿಸುತ್ತಿಲ್ಲ ಎಂದು ಹೊಸ ಮೇಷ್ಟ್ರಿಗೆ ಪಾಠ ಹೇಳುವವರು ಅವರೇ. ಸಂಜೆ ಕೊನೆಯ ಮಗುವಿನ ಮನೆಯವರು ಬರುವ ತನಕ ಶಾಲೆಯ ಮೆಟ್ಟಿಲಿನಿಂದ ಏಳುವುದಿಲ್ಲ. ಮೂರು ವರ್ಷದಿಂದ ಆ ಕಾಡಿನಲ್ಲಿ ಆನೆ ಓಡಾಡುತ್ತಿದೆ. ಎರಡು ವರ್ಷದ ಹಿಂದೆ ಸೊಪ್ಪಿಗೆ ಹೋದವರೊಬ್ಬರು ಮನೆಗೆ ತಿರುಗಿ ಬರಲಿಲ್ಲ.

ಇಷ್ಟೆಲ್ಲ ಒಳ್ಳೆಯತನವಿದ್ದೂ ಅವರ ಸಂಶಯದ ಬುದ್ಧಿ ನನ್ನ ಪಿತ್ತ ಕೆರಳಿಸುತ್ತಿತ್ತು. ಅಕ್ಕಿಯ ಮೂಟೆಯನ್ನು ತಮ್ಮದೇ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗುವರು. ಎಣ್ಣೆಯನ್ನು ಮೂಸಿ ನೋಡುವರು. ನಾನು ಬೈಕ್ ನಿಲ್ಲಿಸುವ ಮೊದಲೇ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತು ಎಂತ ಬರ್ಕೊಳ್ಳಿಕ್ಕೆ ಬಂದದ್ದು ಸಾರ್?" ಎಂದು ಕೇಳುವರು. ಅದಕ್ಕೆ ಕಾರಣವೂ ಇತ್ತು ಅನ್ನಿ. ಕೆಲವು ವರ್ಷದ ಹಿಂದೆ ನನ್ನ ಹಾಗೆಯೇ ಯಾರೋ ಒಬ್ಬರು ಬಂದು, ಕಡುಬು ತಿಂದು, ಬಾಯ್ತುಂಬ ಹೊಗಳಿ, ಮಕ್ಕಳ ಸಂಖ್ಯೆ ಬರೆದುಕೊಂಡು ಹೋಗಿದ್ದರಂತೆ. ನಾಲ್ಕು ತಿಂಗಳಲ್ಲಿ ಪಕ್ಕದ ಊರಿನ ಶಾಲೆಗೆ ಬೀಗ ಬಿತ್ತು. ಹತ್ತು ಮಕ್ಕಳಿಲ್ಲದ ಶಾಲೆಯನ್ನು ಯಾವತ್ತು ಬೇಕಾದರೂ ಮುಚ್ಚುತ್ತಾರೆ ಎನ್ನುವುದು ಅಲ್ಲಿಂದ ಎಲ್ಲರ ತಲೆಯಲ್ಲೂ ಕೂತಿತು.

ಈ ವರ್ಷದ ಫೆಬ್ರವರಿಯಲ್ಲಿ ಮೇಲಿನ ಕಚೇರಿಯಿಂದ ನನಗೊಂದು ಕಾಗದ ಬಂತು. ವರ್ಷದ ಕೊನೆಗೆ ನಮ್ಮ ವಲಯದ ಎಲ್ಲ ಶಾಲೆಗಳ ಸುದ್ದಿ ಸೇರಿಸಿ ನಾಲ್ಕು ಪುಟದ ಪತ್ರಿಕೆ ತರಬೇಕು, ಒಂದೊಂದು ಶಾಲೆಗೆ ಆರು ಸಾಲು, ಒಂದು ಫೋಟೊ. ಬರೀ ಸುದ್ದಿ. ಮಕ್ಕಳು ಶೃಂಗೇರಿಗೆ ಪ್ರವಾಸ ಹೋದದ್ದು, ಯಾರೋ ಓಟದಲ್ಲಿ ಗೆದ್ದದ್ದು, ತೋಟದಲ್ಲಿ ಬೆಂಡೆಕಾಯಿ ಬಿಟ್ಟದ್ದು. ದೇವರಾಣೆ ಅದರ ಹಿಂದೆ ಬೇರೇನೂ ಇರಲಿಲ್ಲ. ನನಗೇ ಮೊದಲು ನಂಬಿಕೆ ಬಾರದೆ ಕಾಗದದ ಹಿಂಬದಿ ತಿರುಗಿಸಿ ನೋಡಿದ್ದೆ.

ಸೋಮವಾರ ನೇರಳೆಮಕ್ಕಿಯ ಮೇಷ್ಟ್ರು ಯೋಗೇಂದ್ರನಿಗೆ ಫೋನ್ ಮಾಡಿ, ನಾಳೆ ಬರುತ್ತೇನೆ, ವರ್ಷದ ಸುದ್ದಿ ಏನಿದೆ ಯೋಚಿಸಿಡಿ ಎಂದೆ. ಬಯಲುಸೀಮೆಯ ಹುಡುಗ, ಎರಡು ವರ್ಷದ ಹಿಂದೆ ಬಂದವನು. "ಸುದ್ದಿನಾ ಸಾರ್?" ಎಂದು ಮೂರು ಸಲ ಕೇಳಿದ.

ಮಂಗಳವಾರ ಹೋದರೆ ಜಗಲಿಯ ಕೆಳಗೆ ಹದಿನಾಲ್ಕು ಜೊತೆ ಚಪ್ಪಲಿ. ಒಳಗೆ ಹದಿನಾಲ್ಕು ಮಕ್ಕಳು. ಯೋಗೇಂದ್ರನ ಹಣೆಯಲ್ಲಿ ಬೆವರು. ನಾನು ಏನೂ ಕೇಳಲಿಲ್ಲ. ಕಳ್ಳನನ್ನು ಹಿಡಿಯುವಾಗ ಅವಸರ ಮಾಡಬಾರದು ಎನ್ನುವುದು ಈ ಕೆಲಸದಲ್ಲಿ ನಾನು ಕಲಿತ ಏಕೈಕ ವಿದ್ಯೆ. ಊಟದ ಹೊತ್ತಿಗೆ ಎಂಟು ಮಕ್ಕಳು ತಮ್ಮ ತಮ್ಮ ಹೆಸರು ಕೊರೆಸಿದ ಸ್ಟೀಲ್ ತಟ್ಟೆ ಹಿಡಿದು ಕೂತರು. ಆರು ಮಕ್ಕಳ ಮುಂದೆ ಬಾಳೆ ಎಲೆ. ವನಜಮ್ಮ ಬಡಿಸುತ್ತ ನನ್ನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡುತ್ತಿದ್ದರು, ನಾನು ಅವರು ನೋಡುವುದನ್ನು ನೋಡುತ್ತಿದ್ದೆ.

"ನಿಮ್ಮ ಶಾಲೆಯಲ್ಲಿ ಈ ವರ್ಷದ ದೊಡ್ಡ ಸುದ್ದಿ ಯಾವುದು?" ಎಂದು ಬಾಳೆ ಎಲೆಯ ಮುಂದಿದ್ದ ಒಂದು ಪುಟ್ಟ ಹುಡುಗಿಯನ್ನು ಕೇಳಿದೆ.

"ನಮ್ಮ ಶಾಲೆ ಬಾವಿಗೆ ಆಮೆ ಬಂದದ್ದು," ಎಂದಳು.

ನೇರಳೆಮಕ್ಕಿ ಶಾಲೆಗೆ ಬಾವಿ ಇಲ್ಲ. ನಲ್ಲಿ ಇದೆ. ಅರ್ಪಿತಾ ಆ ಹುಡುಗಿಯ ತೊಡೆಗೆ ಚಿವುಟಿದ್ದು ನನಗೆ ಕಾಣಿಸಿತು. ವನಜಮ್ಮ ತಕ್ಷಣ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ಮಕ್ಕಳು ಎಂತ ಬೇಕಾದ್ರೂ ಹೇಳ್ತಾವೆ ಮಾರಾಯ್ರೆ, ನೀವು ಊಟ ಮಾಡಿ," ಎಂದರು. ಊಟ ಮಾಡಿದೆ. ಫೋನಿನಲ್ಲಿ ಚಾರ್ಜ್ ಇಲ್ಲ, ಫೋಟೊ ತೆಗೆಯಲು ಗುರುವಾರ ಬರುತ್ತೇನೆ ಎಂದು ಹೇಳಿ ಹೊರಟೆ. ಚಾರ್ಜ್ ಇತ್ತು. ಅವರು ಎರಡು ದಿನ ಒದ್ದಾಡಲಿ ಎಂದು ಹೇಳಿದ್ದು.

ಗುರುವಾರ ಬೆಳಿಗ್ಗೆ ನಾನು ನೇರಳೆಮಕ್ಕಿಗೆ ಹೋಗಲಿಲ್ಲ. ಶುಕ್ರವಾರ ಬರುತ್ತೇನೆ ಎಂದಿದ್ದ ಬಾಳೆಹಕ್ಲು ಶಾಲೆಗೆ ಒಂದು ದಿನ ಮೊದಲೇ, ಹೇಳದೆ ಕೇಳದೆ ಹೋದೆ. ನೇರಳೆಮಕ್ಕಿಯಿಂದ ಅಲ್ಲಿಗೆ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರು, ಕಾಡಿನ ಕಾಲುದಾರಿಯಲ್ಲಿ ಮೂರು. ಒಂದು ಶಾಲೆ ಸುಳ್ಳು ಹೇಳಿದರೆ ಪಕ್ಕದ್ದೂ ಹೇಳುತ್ತಿರಬೇಕು ಎಂದು ನನ್ನ ಲೆಕ್ಕ. ಅಲ್ಲಿ ಪುಸ್ತಕದಲ್ಲಿ ಒಂಬತ್ತು ಹೆಸರು, ಬೆಂಚಿನ ಮೇಲೆ ಮೂರೇ ಮಕ್ಕಳು. ಟೀಚರ್ ತ್ರಿಪುರಸುಂದರಿ ಇನ್ನೆರಡು ವರ್ಷಕ್ಕೆ ನಿವೃತ್ತರಾಗುವವರು, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಉಳಿದವರಿಗೆ ಜ್ವರ," ಎಂದು ನೆಲ ನೋಡಿದರು.

ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲಿ ಸಂತೋಷವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಕೊನೆಗೂ ಹಿಡಿದೆನಲ್ಲ ಎಂಬ ಸಂತೋಷ. ಮೂರು ಮಕ್ಕಳ ಫೋಟೊ ತೆಗೆದು, 'ಬಾಳೆಹಕ್ಲು: ದಾಖಲಾತಿ ಒಂಬತ್ತು, ಹಾಜರಿ ಮೂರು' ಎಂದು ಬರೆದು, ಅಧಿಕಾರಿಗಳೂ ಇರುವ ವಾಟ್ಸಾಪ್ ಗುಂಪಿಗೆ ಅಲ್ಲಿಯೇ ನಿಂತು ಕಳಿಸಿದೆ. ಆಮೇಲೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಹಿತ್ತಲಲ್ಲಿ ಬಾವಿ ಇತ್ತು. ಕೊಡಪಾನ ಇಳಿಸಲು ಬಗ್ಗಿದರೆ ಕೆಳಗೆ ಕಲ್ಲಿನ ಮೇಲೆ ಒಂದು ಆಮೆ ಕೂತಿತ್ತು.

ತಕ್ಷಣ ಎಲ್ಲವೂ ತಿಳಿಯಿತು. ಫೋನ್ ತೆಗೆದು ಫೋಟೊ ಅಳಿಸಲು ಹೋದೆ. ಅಧಿಕಾರಿಗಳು ಅಷ್ಟರಲ್ಲಿ ನೋಡಿಯಾಗಿತ್ತು. 'ವಿವರ ಕೊಡಿ' ಎಂದು ಉತ್ತರವೂ ಬಂದಿತ್ತು.

ತ್ರಿಪುರಸುಂದರಿ ಟೀಚರ್ ಅಳುತ್ತ ಇದ್ದದ್ದು ಇದ್ದ ಹಾಗೆ ಹೇಳಿದರು. ಗದ್ದೆ ನೆಟ್ಟಿಗೆ ಆಳು ಸಾಲದಾಗ ಈ ಕಡೆ ಮುಯ್ಯಾಳು ಮಾಡಿಕೊಳ್ಳುತ್ತಾರೆ. ಇವತ್ತು ನಿಮ್ಮ ಮನೆಯ ಆರು ಜನ ನಮ್ಮ ಗದ್ದೆಗೆ, ನಾಳೆ ನಮ್ಮ ಮನೆಯ ಆರು ಜನ ನಿಮ್ಮ ಗದ್ದೆಗೆ. ಕೂಲಿ ಇಲ್ಲ, ಬರಹ ಇಲ್ಲ, ಆಳಿಗೆ ಆಳು. ನನ್ನ ಫೋನ್ ಬಂದ ಸೋಮವಾರ ಸಂಜೆಯೇ ವನಜಮ್ಮ ಬಾಳೆಹಕ್ಲಿನ ಭೈರಮ್ಮನ ಹತ್ತಿರ ಮಾತಾಡಿದ್ದರು. ಭೈರಮ್ಮ ಅಲ್ಲಿನ ಶಾಲೆಯ ಅಡಿಗೆಯವರು. ಸಿ.ಆರ್.ಪಿ. ಸುದ್ದಿ ಕೇಳುತ್ತಾನಂತೆ, ಇದು ಶಾಲೆ ಮುಚ್ಚುವ ಉಪಾಯ, ಆರು ಮಕ್ಕಳನ್ನು ಮುಯ್ಯಿಗೆ ಕಳಿಸು, ಶುಕ್ರವಾರ ಅವನು ನಿಮ್ಮಲ್ಲಿಗೆ ಬರುವಾಗ ನಮ್ಮ ಆರು ಮಕ್ಕಳು ಬರುತ್ತಾವೆ ಎಂದಿದ್ದರಂತೆ ವನಜಮ್ಮ. ಅಡಿಕೆ ಕೊಯ್ಲಿನ ಆಳು ಸಾಗಿಸುವ ಪಿಕಪ್ಪಿನಲ್ಲಿ ಮಂಗಳವಾರ ಮಕ್ಕಳು ಹೋದವು. ಬುಧವಾರವೂ ಹೋದವು, ಯಾಕೆಂದರೆ ನಾನು ಗುರುವಾರ ಎಂದರೆ ಬುಧವಾರವೇ ಬರುವವನೆಂದು ವನಜಮ್ಮನಿಗೆ ಗ್ಯಾರಂಟಿ. ಗುರುವಾರವೂ ಹೋಗಿ ಫೋಟೊಗೆ ತಲೆ ಬಾಚಿಕೊಂಡು ಕೂತಿದ್ದವು.

ಮಕ್ಕಳ ಸಂಖ್ಯೆ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ ಎನ್ನುವುದು ಈ ಮಹಾತಾಯಿಯರಿಗೆ ಹೊಳೆಯಲೇ ಇಲ್ಲ. ಯೋಗೇಂದ್ರನಿಗೆ ಗೊತ್ತಿತ್ತು, ವನಜಮ್ಮನ ಎದುರು ಹೇಳುವ ಧೈರ್ಯ ಬರಲಿಲ್ಲವಂತೆ.

ನಾನು ಮಧ್ಯಾಹ್ನ ನೇರಳೆಮಕ್ಕಿಗೆ ಹೋಗಿ ಹದಿನಾಲ್ಕು ಮಕ್ಕಳ ಫೋಟೊ ತೆಗೆದೆ. ವಿವರ ಕೇಳಿದ ಅಧಿಕಾರಿಗಳಿಗೆ ನಿಜ ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದ್ದರೆ ಎರಡು ಶಾಲೆಗೂ ಕುತ್ತು, ಇಬ್ಬರು ಮೇಷ್ಟ್ರುಗಳಿಗೂ ನೋಟಿಸ್. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಜೊತೆಗೆ ಪೂರ್ತಿ ವಿಚಾರಿಸದೆ ಫೋಟೊ ಕಳಿಸಿದ ನನ್ನ ಮುಖವೂ ಉಳಿಯಿತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಾರ್ಚ್ ಕೊನೆಗೆ ಕೊಪ್ಪದಲ್ಲಿ ಅಚ್ಚಾಗಿ ಬಂದ ಪತ್ರಿಕೆಯಲ್ಲಿ ನೇರಳೆಮಕ್ಕಿಯ ಹದಿನಾಲ್ಕು ಮಕ್ಕಳು ಮೊದಲ ಪುಟದಲ್ಲಿ ನಗುತ್ತಿದ್ದರು. ಕಂಪ್ಯೂಟರಿನಲ್ಲಿ ಎಂಟೇ ಇತ್ತು. ಆದರೆ ಎಂಟು ಬರೆದು ಹದಿನಾಲ್ಕು ತೋರಿಸುವ ಶಾಲೆಯ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ. ಒಂಬತ್ತು ಬರೆದು ಮೂರು ತೋರಿಸಿದ ಬಾಳೆಹಕ್ಲಿಗೆ ಮಾತ್ರ ಕಾಗದ ಹೋಯಿತು. ಜೂನ್ ತಿಂಗಳಲ್ಲಿ ಹತ್ತು ಮಕ್ಕಳು ದಾಖಲಾಗಿ ದಿನವೂ ಹಾಜರಿರಬೇಕು, ಇಲ್ಲವಾದರೆ ಶಾಲೆಯನ್ನು ಹತ್ತಿರದ ನೇರಳೆಮಕ್ಕಿಯ ಜೊತೆ ಸೇರಿಸಲಾಗುವುದು. ಜೂನ್ ಕೊನೆಗೆ ಸ್ವತಃ ನೋಡಿ ವರದಿ ಕೊಡಬೇಕಾದವನು ನಾನೇ.

ಸೇರಿಸುವುದೆಂದರೆ ಆ ಮಕ್ಕಳು ಕಾಡಿನಲ್ಲಿ ಮೂರು ಕಿಲೋಮೀಟರು ನಡೆದು ಬರಬೇಕು. ಪಿಕಪ್ಪು ಮೂರು ದಿನ ಬಂದೀತು, ವರ್ಷವೆಲ್ಲ ಬರುವುದಿಲ್ಲ.

ಪತ್ರಿಕೆ ಹಂಚಲು ನೇರಳೆಮಕ್ಕಿಯ ವರ್ಷಾಂತ್ಯದ ಪೋಷಕರ ಸಭೆಗೆ ಹೋದಾಗ ವನಜಮ್ಮ ಅಡಿಗೆಮನೆಯ ಬಾಗಿಲಲ್ಲೇ ನನ್ನನ್ನು ತಡೆದರು.

"ಸುದ್ದಿ ಕೇಳ್ಲಿಕ್ಕೆ ಬಂದದ್ದು ಅಂದ್ರಿ ನೀವು."

"ಸುದ್ದಿಗೇ ಬಂದಿದ್ದೆ. ನೀವು ನಂಬಲಿಲ್ಲ."

"ನಂಬದೆ ಇದ್ದದ್ದು ಸರಿಯೇ ಆಯ್ತಲ್ಲ."

"ಸುಳ್ಳು ಮಕ್ಕಳನ್ನು ಕೂರಿಸಿದ್ದು ಯಾರು ವನಜಮ್ಮ?"

"ಸುಳ್ಳು ಮಕ್ಕಳು ಅಲ್ಲ ಸಾರ್, ಮುಯ್ಯಿ ಮಕ್ಕಳು. ಎಷ್ಟು ಮಕ್ಕಳು ಅಂತ ನೀವೂ ಕೇಳ್ಲಿಲ್ಲ. ಸುಮ್ನೆ ಉಂಡ್ಕೊಂಡು ಹೋದ್ರಿ." ಅವರು ಪತ್ರಿಕೆಯ ಮೊದಲ ಪುಟವನ್ನು ನೋಡಲೂ ಇಲ್ಲ. "ಭೈರಮ್ಮ ನಿನ್ನೆ ಬಂದಿದ್ದಳು. ಬೈಲಿಲ್ಲ. ಶುಕ್ರವಾರ ನಿಮ್ಮವರು ಬರ್ಬೇಕಿತ್ತು ವನಜ ಅಂತ ಅಷ್ಟೇ ಹೇಳಿ ಕಾಫಿ ಕುಡಿಯದೆ ಹೋದಳು. ಮೂವತ್ತು ವರ್ಷಕ್ಕೆ ನಮ್ಮನೆ ಕಾಫಿ ಬೇಡ ಅಂದದ್ದು ಅದೇ ಮೊದಲು."

ಏಪ್ರಿಲ್ ಹತ್ತಕ್ಕೆ ಫಲಿತಾಂಶ ಹೇಳಿ ಶಾಲೆಗೆ ರಜೆ ಕೊಟ್ಟರು. ಅದೇ ದಿನ ವನಜಮ್ಮ ಅರ್ಪಿತಾಳ ವರ್ಗಾವಣೆ ಪತ್ರ ಕೇಳಿ ಪಡೆದರೆಂದು ಯೋಗೇಂದ್ರ ಫೋನ್ ಮಾಡಿದ. ಯಾವ ಶಾಲೆಗೆ ಎಂದು ಅವನು ಕೇಳಿದರೆ ಹೇಳಲಿಲ್ಲವಂತೆ. ಜೂನ್ ತಿಂಗಳು ಬದಲಿಗೆ ಸೊಸೆ ಅಡಿಗೆ ಮಾಡುತ್ತಾಳೆ ಎಂದರಂತೆ. ನಾನು ನಕ್ಕುಬಿಟ್ಟೆ. ಊರಿಗೆಲ್ಲ ಸರ್ಕಾರಿ ಶಾಲೆಯ ಪುರಾಣ ಹೇಳಿ ಕೊನೆಗೆ ತಮ್ಮ ಮೊಮ್ಮಗಳನ್ನು ಹಳದಿ ವ್ಯಾನಿಗೆ ಹತ್ತಿಸಿದರು ನೋಡು ಎಂದೆ. ಹೋದ ಕಡೆಯೆಲ್ಲ ಇದನ್ನು ಹೇಳಿಕೊಂಡೂ ಬಂದೆ.

ಜೂನ್ ಮೊದಲ ದಿನ ಬಾಳೆಹಕ್ಲಿಗೆ ಹೋದೆ. ಐದನೆಯದು ಮುಗಿಸಿದವರು ಹೋಗಿ, ಒಂದನೆಯದಕ್ಕೆ ಹೊಸಬರು ಸೇರಿ, ಊರಿನ ಮಕ್ಕಳ ಲೆಕ್ಕ ಮತ್ತೆ ಒಂಬತ್ತಕ್ಕೇ ನಿಂತಿತ್ತು. ಹತ್ತನೆಯ ಹೆಸರು ಅರ್ಪಿತಾ. ಬಾಗಿಲ ಪಕ್ಕ ಕೂತು ನನ್ನನ್ನು ಅಜ್ಜಿಯ ಕಣ್ಣಿನಿಂದಲೇ ನೋಡಿದಳು. ವನಜಮ್ಮ ಭೈರಮ್ಮನ ಗದ್ದೆಯಲ್ಲಿ ಸಸಿಮಡಿ ಮಾಡುತ್ತಿದ್ದರು. ಬೆಳಿಗ್ಗೆ ಕಾಡಿನಲ್ಲಿ ನಡೆಸಿಕೊಂಡು ಬಂದು, ಹಗಲೆಲ್ಲ ಅಲ್ಲೇ ಕೆಲಸ ಮಾಡಿ, ಸಂಜೆ ಕರೆದುಕೊಂಡು ಹೋಗುವುದು. ನಾನು ಗದ್ದೆಯ ಅಂಚಿಗೆ ಹೋಗಿ ನಿಂತೆ. ಊರೆಲ್ಲ ಹೇಳಿಕೊಂಡು ಬಂದದ್ದು ನೆನಪಾಗಿ ನಾಚಿಕೆಯಾಯಿತು.

"ಆನೆ ಇರುವ ದಾರಿ ವನಜಮ್ಮ. ಮಗುವನ್ನು ಹೀಗೆ ಕರೆದುಕೊಂಡು ಬರುವುದಾ?"

"ಈ ಶಾಲೆ ಮುಚ್ಚಿದ್ರೆ ಒಂಬತ್ತು ಮಕ್ಕಳು ಅದೇ ದಾರಿಲಿ ಬರ್ಬೇಕು. ಅದಕ್ಕಿಂತ ನಾವಿಬ್ಬರು ನಡೆಯೋದು ವಾಸಿ."

"ಎಷ್ಟು ದಿನ ಅಂತ?"

ಅವರು ಸೊಂಟ ನೆಟ್ಟಗೆ ಮಾಡಿ, ಮಣ್ಣಿನ ಕೈಯನ್ನು ಹುಲ್ಲಿಗೆ ಒರೆಸಿದರು. "ಅವರ ಆರು ಮಕ್ಕಳು ನಮ್ಮಲ್ಲಿ ಮೂರು ದಿನ ಕೂತವು. ಹದಿನೆಂಟು ಆಳು ಆಯ್ತು. ಅರ್ಪಿತಾ ಹದಿನೆಂಟು ದಿನ ಕೂರ್ತಾಳೆ."

ನಾನು ಬೆರಳು ಮಡಚಿ ಎಣಿಸಿದೆ. ಹದಿನೆಂಟು ದಿನವೆಂದರೆ ಜೂನ್ ಮೂರನೆಯ ವಾರಕ್ಕೆ ಮುಗಿಯುತ್ತದೆ. ನಾನು ವರದಿ ಕೊಡಬೇಕಾದದ್ದು ಕೊನೆಯ ವಾರ. ಅಷ್ಟರಲ್ಲಿ ಅವಳು ವಾಪಸು ಹೋದರೆ ಮತ್ತೆ ಒಂಬತ್ತು. ಇದನ್ನು ವನಜಮ್ಮನಿಗೆ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು, ಬಗ್ಗಿ ಕೆಲಸ ಮುಂದುವರಿಸಿದರು. ಅತ್ತ ಯೋಗೇಂದ್ರನದು ಬೇರೆ ಗೋಳು. ವನಜಮ್ಮ ಜೂನ್ ಇಪ್ಪತ್ತರ ಒಳಗೆ ಕೆಲಸಕ್ಕೆ ಬಾರದಿದ್ದರೆ ಅಡಿಗೆಗೆ ಬೇರೆಯವರ ಹೆಸರು ಕಳಿಸಬೇಕೆಂದು ಅವನಿಗೆ ಸೂಚನೆ ಬಂದಿತ್ತು. ಇಪ್ಪತ್ತು ವರ್ಷ ಹಿಡಿದ ಸೌಟನ್ನು ಯಾರು ಬಿಡುತ್ತಾರೆ? ಹದಿನೆಂಟು ಮುಗಿದ ಮರುದಿನ ಈ ಹೆಂಗಸು ಖಂಡಿತ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಆದರೂ ಡೈರಿಯಲ್ಲಿ ದಿನಕ್ಕೊಂದು ಗೀಟು ಹಾಕುತ್ತ ಹೋದೆ. ಎರಡು ದಿನಕ್ಕೊಮ್ಮೆ ತ್ರಿಪುರಸುಂದರಿ ಟೀಚರಿಗೆ ಫೋನ್ ಮಾಡಿ ಅರ್ಪಿತಾ ಬಂದಳಾ ಎಂದು ಕೇಳುತ್ತಿದ್ದೆ. ಒಂದು ದಿನ ದಾರಿಯಲ್ಲಿ ಹಸಿ ಲದ್ದಿ ಕಂಡು ಅರ್ಧ ಗಂಟೆ ಮರದ ಮರೆಯಲ್ಲಿ ಕೂತು ಬಂದರಂತೆ, ಆದರೂ ಬಂದರಂತೆ.

ಹದಿನೆಂಟನೆಯ ಗೀಟು ಒಂದು ಶನಿವಾರ ಬಿತ್ತು.

ಸೋಮವಾರ ಬೆಳಿಗ್ಗೆ ಎಂಟೂವರೆಗೇ ನಾನು ಕಾಲುದಾರಿ ಬಾಳೆಹಕ್ಲಿನ ರಸ್ತೆಗೆ ಸೇರುವಲ್ಲಿ ಬೈಕ್ ನಿಲ್ಲಿಸಿಕೊಂಡು ಕಾದೆ. ಒಂಬತ್ತಾಯಿತು. ಶಾಲೆಗೆ ಹೋಗುವ ಊರಿನ ಮಕ್ಕಳು ನನ್ನನ್ನು ದಾಟಿ ಹೋದರು. ಒಂಬತ್ತೂಕಾಲು ಆಯಿತು. ನಾನು ಅಂದುಕೊಂಡದ್ದೇ ನಿಜವಾಯಿತು ಎಂದು ಬೈಕಿನ ಸ್ಟ್ಯಾಂಡ್ ತೆಗೆದೆ. ಸಾಮಾನ್ಯವಾಗಿ ನನ್ನ ಸಂಶಯ ನಿಜವಾದರೆ ನನಗೆ ಒಳಗೊಳಗೇ ಹಿಗ್ಗು. ಅವತ್ತು ಹಿಗ್ಗು ಬರಲಿಲ್ಲ, ಅಳು ಬಂದ ಹಾಗಾಯಿತು. ಅಷ್ಟರಲ್ಲಿ ಕಾಡಿನ ಒಳಗಿಂದ ಡಬ್ಬ ಬಡಿಯುವ ಸದ್ದು ಕೇಳಿಸಿತು. ಆನೆಗೆ ಎಚ್ಚರ ಕೊಡಲು ವನಜಮ್ಮ ದಾರಿಯುದ್ದ ಬಡಿದುಕೊಂಡು ಬರುತ್ತಿದ್ದ ಎಣ್ಣೆ ಡಬ್ಬ. ಮೊದಲು ಅವರು ಕಾಣಿಸಿದರು, ಹಿಂದೆ ಕೊಡೆ ಹಿಡಿದ ಅರ್ಪಿತಾ.

"ತಡ ಆಯ್ತು," ಎಂದು ನನಗಲ್ಲ, ಮೊಮ್ಮಗಳಿಗೆ ಹೇಳಿ ಮುಂದೆ ಹೊರಟರು.

"ಅಡಿಗೆ ಕೆಲಸ ಏನಾಯಿತು?" ಎಂದು ಕೇಳಿದೆ.

"ಸೊಸೆ ಹೆಸರು ಬರ್ಸಿ ಆಯ್ತು. ಇನ್ನು ಅವಳದೇ."

"ಮುಯ್ಯಿ ಶನಿವಾರವೇ ತೀರಿತಲ್ಲ ವನಜಮ್ಮ? ನಾನು ಲೆಕ್ಕ ಇಟ್ಟಿದ್ದೇನೆ."

"ನೀವು ಇಡ್ತೀರಿ ಅಂತ ಗೊತ್ತು." ಅವರು ನಿಂತು ನನ್ನ ಮುಖ ನೋಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಮ್ಮದು ಶನಿವಾರ ತೀರ್ತು ಸಾರ್. ಆ ಫೋಟೊ ಕಳ್ಸಿದ್ದು ನೀವು. ಇವತ್ತಿಂದ ನಾವು ನಡೆಯೋದು ನಿಮ್ಮ ಮುಯ್ಯಿ."

ನಾನು ಬೈಕಿಗೆ ಮತ್ತೆ ಸ್ಟ್ಯಾಂಡ್ ಹಾಕಿದೆ. ಶಾಲೆಗೆ ಅಲ್ಲಿಂದ ಅರ್ಧ ಕಿಲೋಮೀಟರು. ಅರ್ಪಿತಾಳ ಚೀಲ ಕೇಳಿದೆ, ಅವಳು ಅಜ್ಜಿಯನ್ನು ನೋಡಿ ಆಮೇಲೆ ಕೊಟ್ಟಳು. ಸಂಜೆ ಕಾಡು ದಾಟಿಸಲು ನಾನೂ ಬರುತ್ತೇನೆ ಎಂದೆ. ವನಜಮ್ಮ ಮುಂದೆ ನಡೆದರು, ಶಾಲೆ ತಲುಪುವಷ್ಟರಲ್ಲಿ ನಾನು ಹಿಂದೆ ಇದ್ದೇನೋ ಇಲ್ಲವೋ ಎಂದು ಎರಡು ಸಲ ತಿರುಗಿ ನೋಡಿದರು.